ಒಪ್ಪಿಗೆಗೆ ಬಾಕಿ ಇಪ್ಪತ್ತೊಂಬತ್ತು ಸಾಲು

ಒಂದೇ ಒಂದು ಪದಕ್ಕೆ ನಾಲ್ಕು ತಿಂಗಳು ಹಿಡಿಯಿತು ಅಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಕಾವ್ಯ ಮಾತ್ರ ನಂಬುತ್ತಾಳೆ. ಆ ನಾಲ್ಕು ತಿಂಗಳೂ ಊಟದ ತಟ್ಟೆ ಪಕ್ಕದಲ್ಲಿ ನನ್ನ ಫೋನು ಗುಂಯ್‌ಗುಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. "ಇನ್ನೂ ಅದೇ ಪದಾನಾ?" ಎನ್ನುತ್ತಿದ್ದಳು. ಹೌದು ಎನ್ನುತ್ತಿದ್ದೆ. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ನನ್ನ ಹೆಸರು ಓಬಳೇಶ. ಚಳ್ಳಕೆರೆಯಲ್ಲಿ ಪಾವಗಡ ರಸ್ತೆಯ ಮೇಲೆ ಡಿಟಿಪಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಆಫೀಸಿನ ಅರ್ಜಿ, ಇಷ್ಟೇ ನನ್ನ ಸಾಹಿತ್ಯ. ಬಿಡುವಿದ್ದಾಗ ಕಂಪ್ಯೂಟರಿನ, ಫೋನಿನ ಆ್ಯಪ್‌ಗಳನ್ನು ಕನ್ನಡಕ್ಕೆ ತರುವ ಒಂದು ಆನ್‌ಲೈನ್ ಗುಂಪಿನಲ್ಲಿ ಬಿಟ್ಟಿ ಚಾಕರಿ ಮಾಡುತ್ತೇನೆ. ಬಿಟ್ಟಿ ಚಾಕರಿಗೂ ಒಬ್ಬ ಯಜಮಾನ ಬೇಕಲ್ಲ, ಮೂರು ವರ್ಷದ ಹಿಂದೆ ಬೇರೆ ಯಾರೂ ಒಪ್ಪದ ಕಾರಣ ನನ್ನನ್ನೇ ಕೂರಿಸಿದರು.

ಈ ಸಲ ಕೈಗೆ ಬಂದದ್ದು ಕುರಿ ಮೇಕೆಗಳ ಆರೋಗ್ಯ ಬರೆದಿಡುವ ಆ್ಯಪ್. ಯಾವ ಕುರಿಗೆ ಯಾವ ಲಸಿಕೆ ಬಿತ್ತು, ಜಂತಿನ ಔಷಧಿ ಯಾವಾಗ ಕುಡಿಸಿದ್ದು, ಕಿವಿಯೋಲೆಯ ನಂಬರು ಎಷ್ಟು, ಎಲ್ಲ ಅದರಲ್ಲಿ ಸೇರುತ್ತದೆ. ಹೊರದೇಶದ ಒಂದಷ್ಟು ಡೆವಲಪರ್‌ಗಳು ಪುಕ್ಕಟೆಯಾಗಿ ಮಾಡಿ ಲೋಕಕ್ಕೆ ಬಿಟ್ಟಿದ್ದರು. ಪರದೆಯ ಮೇಲೆ ಕಾಣುವ ಸಾಲುಗಳು ಒಟ್ಟು ಆರುನೂರ ನಲವತ್ತು. ಡಿಸೆಂಬರ್ ಹೊತ್ತಿಗೆ ಆರುನೂರ ಹನ್ನೊಂದು ಮುಗಿದಿದ್ದವು. ಉಳಿದ ಇಪ್ಪತ್ತೊಂಬತ್ತರಲ್ಲೂ ಇದ್ದದ್ದು ಒಂದೇ ಪದ, ಸಿಂಕ್. ಸಿಗ್ನಲ್ ಇಲ್ಲದ ಕಡೆ ಕೂತು ಬರೆದದ್ದೆಲ್ಲ ಟ್ಯಾಬಿನಲ್ಲೇ ಉಳಿದಿರುತ್ತದೆ. ಸಿಗ್ನಲ್ ಇರುವಲ್ಲಿಗೆ ಬಂದು ಒಂದು ಗುಂಡಿ ಒತ್ತಿದರೆ ಅದು ಆಫೀಸಿಗೆ ಹೋಗಿ, ಅಲ್ಲಿಯ ಹೊಸದು ಇಲ್ಲಿಗೆ ಬರುತ್ತದೆ. ಆ ಗುಂಡಿಯ ಮೇಲೆ ಕನ್ನಡದಲ್ಲಿ ಏನು ಬರೆಯಬೇಕು ಎಂಬುದೇ ಜಗಳ.

ಆ ಡೆವಲಪರ್‌ಗಳದ್ದೂ ಒಂದು ಕಟ್ಟಳೆ ಇತ್ತು. ಮುಖ್ಯ ಪರದೆಯ ಎಲ್ಲ ಸಾಲುಗಳಿಗೂ ಒಪ್ಪಿಗೆ ಬಿದ್ದಿದ್ದರೆ ಮಾತ್ರ ಆ ಭಾಷೆ ಹೊಸ ಆವೃತ್ತಿಯಲ್ಲಿ ಸೇರುತ್ತದೆ. ಮಾರ್ಚ್ ಹದಿನೈದು ಕೊನೆಯ ದಿನ. ತಪ್ಪಿದರೆ ಇನ್ನು ಆರು ತಿಂಗಳು. ಕನ್ನಡದ ಒಪ್ಪಿಗೆ ಒತ್ತುವ ಅಧಿಕಾರ ಇದ್ದದ್ದು ನನ್ನೊಬ್ಬನಿಗೆ. ಒಂದು ಸಾಲಿಗೆ ಒಂದು ಸಲ ಕ್ಲಿಕ್ ಮಾಡಿದರೆ ಮುಗಿಯಿತು. ಆದರೆ ಯಜಮಾನಿಕೆ ಬಂದ ಹೊಸದರಲ್ಲಿ ಗುಂಪಿಗೆ ನಾನೇ ಒಂದು ನಿಯಮ ಬರೆದುಕೊಟ್ಟಿದ್ದೆ: ಒಬ್ಬರು ಒಲ್ಲೆ ಎಂದರೂ ಒಪ್ಪಿಗೆ ಒತ್ತುವುದಿಲ್ಲ. ಇದು ನಮ್ಮ ಹಟ್ಟಿಯ ರೀತಿ. ನಮ್ಮ ದೊಡ್ಡಪ್ಪ ಚಿತ್ತಪ್ಪನವರು ಹಟ್ಟಿಯ ನ್ಯಾಯ ಮಾಡುವಾಗ ಕೈ ಎತ್ತಿಸಿ ಎಣಿಸಿದವರಲ್ಲ. ಒಬ್ಬ ಮುಖ ತಿರುಗಿಸಿದರೂ ಸಭೆ ಎದ್ದು, ಮತ್ತೊಂದು ದಿನ ಕೂಡಬೇಕು. ಅವರು ಕೊಟ್ಟ ತೀರ್ಮಾನವನ್ನು ಯಾರೂ ಮುರಿದದ್ದಿಲ್ಲ. ಹಾಗಾಗಿ ನನ್ನ ನಿಯಮದ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು.

ಜನವರಿಯ ಒಂದು ಸೋಮವಾರ ಗೀತಕ್ಕ ಅಂಗಡಿಗೆ ಬಂದಳು. ಗೀತಮ್ಮ ಅಂತ ಹೆಸರು, ನಮಗೆ ದೂರದ ನೆಂಟಸ್ತಿಕೆ. ಪರಶುರಾಂಪುರದ ಕಡೆ ಏಳು ಹಳ್ಳಿಯ ಕುರಿಗಳಿಗೆ ಒಂಬತ್ತು ವರ್ಷದಿಂದ ಪಶುಸಖಿ. ಹಳೇ ಎಕ್ಸೆಲ್ ಗಾಡಿಯ ಹಿಂದೆ ಔಷಧಿಯ ಡಬ್ಬಿ ಕಟ್ಟಿಕೊಂಡು ಬೆಳಗ್ಗೆ ಕುರಿ ರೊಪ್ಪ ಬಿಡುವ ಮೊದಲೇ ಹೋಗಿ ನಿಂತಿರುತ್ತಾಳೆ. ಕುರಿ ಕೆಮ್ಮುವ ಸದ್ದಿನಲ್ಲೇ ರೋಗ ಹೇಳುತ್ತಾಳೆ ಎಂದು ಜನ ಅನ್ನುವುದುಂಟು. ಅವಳನ್ನು ನೇಮಿಸಿಕೊಂಡ ಸಂಸ್ಥೆ ಈಗ ಕೈಗೊಂದು ಟ್ಯಾಬು ಕೊಟ್ಟಿತ್ತು. ನಾವು ಕನ್ನಡಕ್ಕೆ ತರುತ್ತಿದ್ದ ಆ್ಯಪ್ ಅದರಲ್ಲಿ ಇಂಗ್ಲಿಷಿನಲ್ಲಿ ಕೂತಿತ್ತು.

"ಮಾರ್ಚ್ ಇಪ್ಪತ್ತೇಳಕ್ಕೆ ಪರೀಕ್ಷೆ ಐತೆ ಅಣ್ಣ," ಅಂದಳು. ನನಗಿಂತ ಆರು ವರ್ಷ ದೊಡ್ಡವಳು, ಆದರೂ ಅಣ್ಣ ಎನ್ನುತ್ತಾಳೆ. "ಒಂದು ಕುರಿ ಲೆಕ್ಕ ಇದ್ರಾಗೆ ಬರ್ದು ಆಫೀಸಿಗೆ ಕಳ್ಸಿ ತೋರಿಸ್ಬೇಕಂತೆ. ಬರ್ದೇ ಇದ್ದೋರ್ನ ಏಪ್ರಿಲ್‌ನಿಂದ ಬಿಡಿಸ್ತಾರಂತೆ. ನಾನು ಏಳನೇ ಕ್ಲಾಸು. ಎಬಿಸಿಡಿ ಗೊತ್ತು, ಕೂಡ್ಸಿ ಓದಾಕೆ ಬರಲ್ಲ."

"ಹೊಸದು ಬರ್ತೈತೆ ಅಕ್ಕ, ಕನ್ನಡದಾಗೇ. ಪರೀಕ್ಷೆಗೆ ಮೊದ್ಲೇ."

"ನಿಜವಾ?"

"ನಾನೇ ಅಲ್ವಾ ಮಾಡ್ತಿರಾದು. ಇನ್ನು ಇಪ್ಪತ್ತೊಂಬತ್ತೇ ಸಾಲು."

ಮುಗಿದ ಸಾಲುಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದೆ. ಮರಿ, ಟಗರು, ಗಬ್ಬ, ಜಂತಿನ ಔಷಧಿ. ಬೆರಳಿಟ್ಟು ಒಂದೊಂದನ್ನೇ ಓದಿ ಅವಳು ನಕ್ಕಳು. ಜಗಳದಲ್ಲಿ ಸಿಕ್ಕಿಕೊಂಡಿದ್ದ ಆ ಇಪ್ಪತ್ತೊಂಬತ್ತನ್ನು ಮಾತ್ರ ತೋರಿಸಲಿಲ್ಲ. ಅವಳೇ ಕೇಳಿದಳು.

"ಉಳಿದಿದ್ದು ನೀವೇ ಒತ್ತಿಬಿಟ್ರೆ ಆಗಲ್ವಾ ಅಣ್ಣ?"

ನಿಯಮ ವಿವರಿಸಿದೆ. ಹಟ್ಟಿಯಲ್ಲಿ ಬೆಳೆದವಳು, ತಲೆ ಆಡಿಸಿದಳು. "ಅದೂ ಸರಿ ಬಿಡಿ. ಯಾರ ಮನಸ್ಸೂ ನೋಯಿಸಬಾರ್ದು," ಎಂದು ಹೊರಟಳು.

ಗುಂಪಿನಲ್ಲಿ ಪಟ್ಟು ಹಿಡಿದ ಮನಸ್ಸುಗಳು ಎರಡೇ ಇದ್ದರೂ ಹಠ ಮೂರೂರಿನಷ್ಟಿತ್ತು. ಒಬ್ಬರು ಚಿಕ್ಕಬಸಪ್ಪ ಮೇಷ್ಟ್ರು, ಚಿತ್ರದುರ್ಗದಲ್ಲಿರುವ ನಿವೃತ್ತ ಕನ್ನಡ ಅಧ್ಯಾಪಕರು. 'ಮೇಳೈಸು' ಆಗಲೇಬೇಕು ಎಂಬುದು ಅವರ ಪಟ್ಟು. ಹಳಗನ್ನಡದಿಂದ ಹಿಡಿದು ಪುಟಗಟ್ಟಲೆ ಬರೆಯುತ್ತಿದ್ದರು. ಫೋನಿನಲ್ಲಿ ಅದನ್ನು ಮೇಲಕ್ಕೆ ತಳ್ಳಿ ತಳ್ಳಿ ಹೆಬ್ಬೆರಳು ನೋಯುತ್ತಿತ್ತು. ಇನ್ನೊಬ್ಬ ಲೋಹಿತ, ಮೊಳಕಾಲ್ಮುರಿನವನು, ರೇಷ್ಮೆ ಸೀರೆಗೆ ಕಂಪ್ಯೂಟರಿನಲ್ಲಿ ಡಿಸೈನ್ ಹಾಕುವ ಹುಡುಗ. ಜನ ಸಿಂಕ್ ಅನ್ನುತ್ತಾರೆ, ಸಿಂಕ್ ಎಂದೇ ಇರಲಿ ಎಂದು ಒಂದೇ ಸಾಲು ಬರೆದು ಸುಮ್ಮನಾಗುತ್ತಿದ್ದ. ಮೇಷ್ಟ್ರ ಒಂದು ಪುಟಕ್ಕೆ ಅವನ ಒಂದು ಸಾಲು ಸಮವಾಗಿ ತೂಗುತ್ತಿತ್ತು. ಉಳಿದವರು ಆ ಕಡೆ ಈ ಕಡೆ ಹಂಚಿಹೋಗಿ ಹೊಂದಿಸು, ಕೂಡಿಸು, ಸಮನ್ವಯಿಸು ಅಂತ ತಲೆಗೊಂದು ತಂದು ಸುರಿದರು. ಒಬ್ಬ ನಮ್ಮ ಸೀಮೆಯ ಸಿದ್ದಾಪುರದಲ್ಲಿರುವ ಅಶೋಕನ ಶಾಸನವನ್ನು ಎಳೆದು ತಂದ. ಎರಡು ಸಾವಿರ ವರ್ಷದ ಹಿಂದೆ ಆ ಬಂಡೆಯ ಮೇಲೆ ಕೊರೆದವನು ಇಲ್ಲಿಯ ಜನ ಆಡದ ಪ್ರಾಕೃತದಲ್ಲಿ ಕೊರೆದು ಹೋದ, ಪುಣ್ಯವಂತ, ಅವನಿಗೆ ಕಾಮೆಂಟ್ ಬರಲಿಲ್ಲ ಅಂತ ನನಗೆ ಅನ್ನಿಸಿತು. ಬರೆಯಲಿಲ್ಲ. ಯಜಮಾನ ತಮಾಷೆ ಮಾಡಬಾರದು.

ಫೆಬ್ರವರಿಗೆ ಮಾತುಗಳು ಇನ್ನೂರು ದಾಟಿದವು. ಜನ ಏನೆನ್ನುತ್ತಾರೆ ಎಂದು ಜನರನ್ನೇ ಕೇಳಿದರಾಯಿತಲ್ಲ ಎಂದು ನನಗೆ ಹೊಳೆಯಿತು. ಒಂದು ಭಾನುವಾರ ಗೀತಕ್ಕನ ಜೊತೆ ಪರಶುರಾಂಪುರದ ಆಚೆಯ ಒಂದು ಹಳ್ಳಿಗೆ ಹೋದೆ. ಕುರಿ ಸಾಕುವ ಪೆದ್ದಣ್ಣ ರೊಪ್ಪದ ಮುಂದೆ ನಿಂತಿದ್ದ. ನಾನು ವಿಡಿಯೋ ಮಾಡುತ್ತೇನೆ, ದೊಡ್ಡವರು ನೋಡುತ್ತಾರೆ ಎಂದದ್ದೇ ತಡ, ಒಳಗೆ ಹೋಗಿ ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟುಕೊಂಡು ಬಂದ.

"ಪೆದ್ದಣ್ಣಾರೆ, ಇಲ್ಲಿ ಬರೆದ ಕುರಿ ಲೆಕ್ಕವೆಲ್ಲ ಆಫೀಸಿಗೆ ಹೋಗಬೇಕು. ಅದಕ್ಕೆ ನೀವು ಏನಂತೀರಿ?"

ಪೆದ್ದಣ್ಣ ಗಂಟಲು ಸರಿಮಾಡಿಕೊಂಡ. ಕೈ ಕಟ್ಟಿದ. "ಸದರಿ ಮಾಹಿತಿಯನ್ನು ಮೇಲಧಿಕಾರಿಗಳಿಗೆ ರವಾನೆ ಮಾಡುವುದು ಅಂತೀವಿ ಸಾರ್," ಎಂದ.

ಮೂರು ಸಲ ಬೇರೆ ಬೇರೆ ತೆರನಾಗಿ ಕೇಳಿದೆ. ಮೂರು ಸಲವೂ ರವಾನೆ. ಫೋನು ಜೇಬಿಗಿಟ್ಟ ಮೇಲೆ ಅವನು ಬೀಡಿ ಹಚ್ಚಿ ಗೀತಕ್ಕನ ಕಡೆ ತಿರುಗಿದ. "ಅಲ್ಲಮ್ಮ, ನೀನು ಬರ್ಕಂಡಿದ್ದು ಅಲ್ಲಿಗೆ ಕಳ್ಸಾದು, ಅಲ್ಲಿಂದು ಇಲ್ಲಿಗೆ ಬರಾದು, ಅಷ್ಟೇ ಅಲ್ವಾ? ಅದಕ್ಕೆ ಇವ್ರು ಇಷ್ಟು ದೂರ ಯಾಕೆ ಬಂದ್ರು?"

"ಈಗ ಹೇಳ್ದಂಗೆ ಆಗ ಹೇಳಾಕೆ ಏನಾಗಿತ್ತು ಮಾವ?" ಗೀತಕ್ಕ ಕೇಳಿದಳು.

"ದೊಡ್ಡೋರು ನೋಡ್ತಾರೆ ಅಂದ್ರಲ್ಲ. ನಾವು ಹಳ್ಳಿ ಮಾತು ಆಡಿದ್ರೆ ನಿನ್ ಮರ್ಯಾದೆ ಹೋಗಾದಿಲ್ವಾ?"

ನಮ್ಮ ಕಡೆಯ ಜನವೇ ಹೀಗೆ. ಕಾಗದ ಪೆನ್ನು ಹಿಡಿದು ಎದುರಿಗೆ ನಿಂತರೆ ಅವರಿಗೆ ಗೊತ್ತಿರುವುದನ್ನು ಹೇಳುವುದಿಲ್ಲ, ನಮಗೆ ಬೇಕಿರಬಹುದಾದ್ದನ್ನು ಹೇಳುತ್ತಾರೆ. ಅದು ಗೊತ್ತಿದ್ದೂ ನಾನು ದಡ್ಡನ ಹಾಗೆ ಆ ವಿಡಿಯೋವನ್ನು, ಕೊನೆಗೆ ಅವನು ಆಡಿದ ಮಾತಿನ ವಿವರಣೆಯ ಸಮೇತ, ಗುಂಪಿಗೆ ಹಾಕಿದೆ. ವಿವರಣೆ ಯಾರೂ ಓದಲಿಲ್ಲ. ಸಂಜೆಯೊಳಗೆ ರವಾನೆಯ ಪಕ್ಷವೊಂದು ಹುಟ್ಟಿತು. ಆ ಪದ ಫಾರಸಿಯದು ಎಂದು ಅದನ್ನು ಹೊಡೆಯಲು ಇನ್ನೊಂದು ಪಕ್ಷ ಹುಟ್ಟಿತು. ನನಗೆ ಅಳು ಬರುವುದೊಂದು ಬಾಕಿ.

ಗೀತಕ್ಕ ಮಾತ್ರ ಪ್ರತಿ ಸೋಮವಾರ ಬರುತ್ತಿದ್ದಳು. ಟ್ಯಾಬು ತೆಗೆದು ಕೇಳುತ್ತಿದ್ದಳು: "ಬಂತಾ ಅಣ್ಣ?" ಇಲ್ಲ ಅಂದರೆ ಬೇಜಾರು ತೋರಿಸದೆ ಇಂಗ್ಲಿಷ್ ಪರದೆಯನ್ನೇ ಅಭ್ಯಾಸ ಮಾಡುತ್ತಿದ್ದಳು. ಅಕ್ಷರಗಳನ್ನಲ್ಲ, ಜಾಗಗಳನ್ನು. ಎಡಗಡೆ ಮೇಲಿಂದ ಮೂರನೆಯದು ಹೊಸ ಕುರಿ, ಅದರ ಕೆಳಗೆ ಹಸಿರು ಬಣ್ಣದ್ದು ಲಸಿಕೆ, ಎಲ್ಲಕ್ಕಿಂತ ಕೆಳಗೆ ಬಲಮೂಲೆಯಲ್ಲಿರುವುದು ಕಳಿಸುವ ಗುಂಡಿ. ಮಾರ್ಚ್ ಮೊದಲ ವಾರಕ್ಕೆ ಕಣ್ಣು ಮುಚ್ಚಿಯೂ ಒತ್ತಬಲ್ಲಳು ಎನ್ನುವಷ್ಟು ಪಳಗಿದ್ದಳು. ಆದರೂ ಹೆದರಿಕೆ ಹೋಗಿರಲಿಲ್ಲ. "ಕನ್ನಡ ಬಂದ್ಬಿಟ್ರೆ ಧೈರ್ಯ ಅಣ್ಣ. ಓದ್ಕೊಂಡು ಒತ್ತಬೋದು," ಎನ್ನುತ್ತಿದ್ದಳು.

ಹಟ್ಟಿಯಲ್ಲಿ ಒಬ್ಬ ಮುನಿಸಿಕೊಂಡು ಕೂತರೆ ಯಜಮಾನ ಅವನ ಮನೆಬಾಗಿಲಿಗೆ ಹೋಗಬೇಕು. ಮಾರ್ಚ್ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಬಿಸಿಲಿಗೆ ಕಿಟಕಿಯ ಸರಳು ಕೈ ಸುಡುತ್ತಿತ್ತು. ನಲವತ್ತು ವರ್ಷದ ಗಂಡಸು ಒಂದು ಗುಂಡಿಯ ಹೆಸರಿಗಾಗಿ ಬಸ್ಸಿನಲ್ಲಿ ಹೋಗುತ್ತಿದ್ದಾನಲ್ಲ ಅಂತ ನನ್ನ ಬಗ್ಗೆ ನನಗೇ ಕನಿಕರ ಬಂತು.

ಲೋಹಿತನ ಅಂಗಡಿ ಮಗ್ಗಗಳ ಬೀದಿಯಲ್ಲಿತ್ತು. ಆಚೀಚಿನ ಮನೆಗಳ ಮಗ್ಗದ ಸದ್ದಿನಲ್ಲಿ ಜೋರಾಗಿ ಮಾತಾಡಬೇಕು. ಮೊದಲ ಸಲ ಮುಖ ನೋಡಿದ್ದು, ಫೋಟೋದಲ್ಲಿದ್ದಕ್ಕಿಂತ ತೆಳ್ಳಗಿದ್ದ. ಒಳಗಿನಿಂದ ಅವರವ್ವ ತೆಲುಗಿನಲ್ಲಿ ಏನೋ ಕೂಗಿದರು, ಇವನು ತೆಲುಗಿನಲ್ಲೇ ಉತ್ತರ ಕೊಟ್ಟ. ಟೀ ಬಂತು. ಗೀತಕ್ಕನ ವಿಷಯವನ್ನೆಲ್ಲ ಹೇಳಿದೆ.

"ಅಣ್ಣ, ಮೇಳೈಸು ಅಂತ್ಲೇ ಹಾಕ್ಕೊಳ್ಳಿ. ನಂಗೇನು?" ಎಂದುಬಿಟ್ಟ.

ನನಗೆ ಆಶ್ಚರ್ಯವಾಯಿತು. "ಮತ್ತೆ ಆಕ್ಷೇಪಣೆ ತೆಗೆದ್ಬಿಡು ಮಾರಾಯ."

"ತೆಗೆಯಲ್ಲ."

"ಯಾಕಪ್ಪಾ?"

ಅವನು ಪರದೆಯ ಮೇಲಿದ್ದ ಸೀರೆಯ ಅಂಚನ್ನು ಸುಮ್ಮನೆ ಆ ಕಡೆ ಈ ಕಡೆ ಎಳೆದಾಡಿದ. "ಡಿಸೆಂಬರ್‌ನಾಗೆ ಮೇಷ್ಟ್ರು ಬರೆದಿದ್ದು ನೆನಪೈತಾ? ಗಡಿಯವರಿಗೆ ಕನ್ನಡದ ಕಿವಿ ಇರಲ್ಲ ಅಂತ. ಆ ಆರುನೂರ ಹನ್ನೊಂದರಾಗೆ ಮುನ್ನೂರು ಸಾಲು ನಾನು ಬರೆದಿದ್ದು ಅಣ್ಣ. ಮನೇಲಿ ತೆಲುಗು ಮಾತಾಡ್ತೀವಿ, ಹೌದು. ಅದಕ್ಕೆ ಕಿವಿ ಇಲ್ಲ ಅಂದ್ಬಿಡಾದಾ? ಈಗ ನಾನು ಸುಮ್ನಾದ್ರೆ ಆ ಮಾತೂ ಒಪ್ಪಿದಂಗೆ. ಅದೊಂದು ವಾಪಸ್ ತಗಳ್ಳಲಿ, ಮರುಕ್ಷಣ ತೆಗೀತೀನಿ."

ಆ ಸಾಲು ನನಗೆ ನೆನಪಿತ್ತು. ನೂರಾರು ಮಾತುಗಳ ನಡುವೆ ಅದನ್ನು ದಾಟಿ ಮುಂದೆ ಹೋಗಿದ್ದೆ. ಯಜಮಾನ ಅವತ್ತೇ ತಡೆಯಬೇಕಿತ್ತು.

ಅಲ್ಲಿಂದಲೇ ಮೇಷ್ಟ್ರಿಗೆ ಫೋನು ಮಾಡಿದೆ. ಸಮಾಧಾನವಾಗಿ ಕೇಳಿಸಿಕೊಂಡರು. "ನೋಡಿ ಓಬಳೇಶ್, ನಾನು ಹೇಳಿದ್ದು ಸಾಮಾನ್ಯ ವಿಚಾರ. ಆ ಹುಡುಗನ ಹೆಸರು ಎತ್ತಿಯೇ ಇಲ್ಲ. ಎತ್ತದ ಹೆಸರಿಗೆ ಏನಂತ ಕ್ಷಮೆ ಕೇಳಲಿ? ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ ನಾನು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. ನಮ್ಮ ಮೂವರಿಗೂ ಸುಸ್ತಾಗಿತ್ತು, ಆದರೆ ಬಿಟ್ಟುಕೊಡುವಷ್ಟು ಸುಸ್ತು ಯಾರಿಗೂ ಆಗಿರಲಿಲ್ಲ.

ಹದಿನೈದನೆಯ ತಾರೀಕು ಮಧ್ಯಾಹ್ನ ಅಂಗಡಿಯಲ್ಲಿ ಆ ಪುಟ ತೆರೆದು ಕೂತೆ. ಸಂಜೆ ಐದೂವರೆಗೆ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಇಪ್ಪತ್ತೊಂಬತ್ತು ಕ್ಲಿಕ್ಕು. ಮೇಳೈಸು ಎಂದು ಒತ್ತಿದರೆ ಲೋಹಿತನ ಮೇಲೆ ಬಿದ್ದ ಮಾತಿಗೆ ನಾನೂ ಸಹಿ ಹಾಕಿದಂತೆ. ಸಿಂಕ್ ಎಂದು ಒತ್ತಿದರೆ ಹಿರಿಯರೊಬ್ಬರ ಮುಖಕ್ಕೆ ಹೊಡೆದಂತೆ. ಯಾವುದನ್ನು ಒತ್ತಿದರೂ ಮೂರು ವರ್ಷ ಕಾಪಾಡಿದ ನಿಯಮ ಮುರಿದಂತೆ. ನಡುವೆ ಒಬ್ಬರು ಸೀಮಂತದ ಕಾರ್ಡು ಮಾಡಿಸಲು ಬಂದರು. ಅವರಿಗೆ ಹೂವಿನ ಚಿತ್ರ ಹುಡುಕಿಕೊಟ್ಟು ತಿರುಗಿ ನೋಡುವಷ್ಟರಲ್ಲಿ ಐದೂ ನಲವತ್ತಾಗಿತ್ತು. ಸುಳ್ಳು ಯಾಕೆ ಹೇಳಲಿ, ಗಡಿಯಾರ ನನ್ನ ಕಣ್ಣೆದುರೇ ಇತ್ತು. ಸಮಯ ತಾನೇ ಕಳೆದುಹೋಗಲಿ ಎಂದು ಹೂವು ಹುಡುಕುತ್ತಿದ್ದೆ.

ಹೊಸ ಆವೃತ್ತಿ ಕನ್ನಡವಿಲ್ಲದೆ ಹೊರಬಂತು. ಗೀತಕ್ಕನಿಗೆ ಫೋನಿನಲ್ಲಿ ಹೇಳಿದೆ. "ಇರಲಿ ಬಿಡಿ ಅಣ್ಣ, ಜಾಗ ಬಾಯಿಪಾಠ ಆಗೈತೆ," ಎಂದು ನನಗೇ ಸಮಾಧಾನ ಮಾಡಿದಳು.

ಇಪ್ಪತ್ತೇಳಕ್ಕೆ ಪರೀಕ್ಷೆ ನಡೆದದ್ದು ಚಳ್ಳಕೆರೆಯಲ್ಲೇ, ಒಂದು ಸಮುದಾಯ ಭವನದಲ್ಲಿ. ನಾನೂ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಸಂಸ್ಥೆಯವರು ತಮ್ಮದೇ ಟ್ಯಾಬು ಕೊಟ್ಟರು. ಹೊಸ ಆವೃತ್ತಿ ಹಾಕಿದ್ದು. ಕಿಟಕಿಯಿಂದ ಗೀತಕ್ಕ ಕಾಣುತ್ತಿದ್ದಳು. ಕಿವಿಯೋಲೆ ನಂಬರು ಹೊಡೆದಳು, ಲಸಿಕೆ ಆರಿಸಿದಳು, ತಾರೀಕು ಹಾಕಿದಳು. ಕೊನೆಗೆ ಅವಳ ಬೆರಳು ಕೆಳಗಿನ ಬಲಮೂಲೆಗೆ ಹೋಗಿ ಅಲ್ಲೇ ನಿಂತಿತು. ಹೊಸ ಆವೃತ್ತಿಯಲ್ಲಿ ಆ ಗುಂಡಿಯನ್ನು ಮೇಲಕ್ಕೆ, ಮೂರು ಗೆರೆಯ ಪಟ್ಟಿಯೊಳಗೆ ಸೇರಿಸಿದ್ದರು. ಆ ಪಟ್ಟಿಯಲ್ಲಿ ಹತ್ತು ಇಂಗ್ಲಿಷ್ ಸಾಲುಗಳು. ಓದಬಲ್ಲವರಿಗೆ ಅರೆಗಳಿಗೆಯ ಕೆಲಸ. ಅವಳು ಒಂದನ್ನು ಒತ್ತಿದಳು, ಬೇರೇನೋ ತೆರೆಯಿತು. ಇನ್ನೊಂದನ್ನು ಒತ್ತಿದಳು. ಬರೆದದ್ದೆಲ್ಲ ಅಳಿಸಿಹೋಯಿತು. ಪಕ್ಕದಲ್ಲಿದ್ದ ರಶ್ಮಿತಾ ಎಂಬ ಬಿ.ಎ. ಓದಿದ ಹುಡುಗಿ ಸಹಾಯಕ್ಕೆ ಬಗ್ಗಿದಾಗ ಮೇಲ್ವಿಚಾರಕರು ಬೇಡ ಎಂದು ಕೈ ಆಡಿಸಿದರು.

ಏಳು ಹಳ್ಳಿಗಳೂ ರಶ್ಮಿತಾಗೆ ಹೋದವು. ಪಾಪ, ಅವಳ ತಪ್ಪೇನೂ ಇಲ್ಲ.

ಅವತ್ತು ಭವನದಿಂದ ನೇರ ಅಂಗಡಿಗೆ ಬಂದು ಕಂಪ್ಯೂಟರ್ ಹಾಕಿದೆ. ಮೊದಲು ಆ ಗಡಿಯ ಮಾತು ತಪ್ಪು, ಅದನ್ನು ಅವತ್ತೇ ನಾನು ತಡೆಯದಿದ್ದದ್ದು ಇನ್ನೂ ದೊಡ್ಡ ತಪ್ಪು ಎಂದು ಗುಂಪಿನಲ್ಲಿ ಬರೆದೆ. ಆಮೇಲೆ ಯಾರನ್ನೂ ಕೇಳದೆ ಇಪ್ಪತ್ತೊಂಬತ್ತು ಸಾಲಿಗೂ 'ಕಳಿಸಿ–ಪಡೆಯಿರಿ' ಎಂದು ತುಂಬಿ ಒಪ್ಪಿಗೆ ಒತ್ತಿದೆ. ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿಯಿತು. ಬೈಗುಳಕ್ಕೆ ಕಾದು ಕೂತೆ. ಮರುದಿನ ಬೆಳಗ್ಗೆ ಲೋಹಿತ ಒಂದು ಹೆಬ್ಬೆರಳಿನ ಚಿತ್ರ ಹಾಕಿದ್ದ. ಮೇಷ್ಟ್ರು ಬರೆದಿದ್ದರು: "ಒಳ್ಳೆಯದಾಯಿತು. ಯಾರಾದರೊಬ್ಬರು ತೀರ್ಮಾನ ಮಾಡಲೇಬೇಕಿತ್ತು." ಕೆಳಗೆ ಯಾರೋ ಮುಂದಿನ ಆ್ಯಪ್‌ನ 'ಡ್ಯಾಶ್‌ಬೋರ್ಡ್'ಗೆ ಏನು ಮಾಡೋಣ ಎಂದು ಕೇಳಿದ್ದರು. ಅದಕ್ಕಾಗಲೇ ಹನ್ನೊಂದು ಉತ್ತರ ಬಂದಿತ್ತು.

ಸೋಮವಾರ ಗೀತಕ್ಕ ಬಂದಳು. ಟ್ಯಾಬು ಇರಲಿಲ್ಲ, ಮೂರು ಉದ್ದನೆಯ ನೋಟ್‌ಬುಕ್ಕು ತಂದಿದ್ದಳು. ಒಂಬತ್ತು ವರ್ಷ ಅವಳು ಕೈಯಲ್ಲಿ ಬರೆದಿಟ್ಟದ್ದು, ಯಾವ ಹಿಂಡಿಗೆ ಯಾವ ವರ್ಷ ಯಾವ ಬೇನೆ ಬಂತು, ಯಾವ ಕುರಿಗೆ ಯಾವ ಔಷಧಿ ಒಗ್ಗುವುದಿಲ್ಲ.

"ಇದನ್ನ ಟೈಪ್ ಮಾಡ್ಕೊಡಿ ಅಣ್ಣ. ಆ ಹುಡುಗಿಗೆ ಕೊಡ್ತೀನಿ. ನನ್ ಅಕ್ಷರ ಅವಳಿಗೆ ತಿಳಿಯಲ್ಲ."

ಕುರ್ಚಿ ಎಳೆದುಕೊಟ್ಟೆ. ಒತ್ತಿದ ವಿಷಯ ಹೇಳಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. "ಅಕ್ಕ, ಅವತ್ತೇ ಸಾಯಂಕಾಲ ನಾನೇ ಒತ್ತಿಬಿಟ್ಟೆ. ಒಬ್ರೂ ಏನೂ ಅನ್ನಲಿಲ್ಲ. ಮೊದ್ಲೇ ಒತ್ತಬೋದಿತ್ತು."

ಅವಳು ನೋಟ್‌ಬುಕ್ಕಿನ ಮಡಿಸಿದ ಮೂಲೆಗಳನ್ನು ಬೆರಳಿನಿಂದ ಬಿಡಿಸಿದಳು.

"ಚಿತ್ತಪ್ಪ ಮಾವ ನ್ಯಾಯ ಮಾಡಾದು ನಾನೂ ನೋಡೀನಿ," ಅಂದಳು. "ಎಲ್ರೂ ಒಪ್ಪೋತನಕ ಕಾಯ್ತಿದ್ರು, ಖರೆ. ಆದ್ರೆ ಯಾರ ಬದುಕಿನ ಮಾತು ಐತೋ ಅವ್ರನ್ನ ಮೊದ್ಲು ಕರೆದು ನಡುವೆ ಕೂರಿಸ್ತಿದ್ರು. ನೀವು ಒಬ್ಬರ ಮನಸ್ಸೂ ನೋಯಬಾರ್ದು ಅಂತ ಎಲ್ರ ಮನೆಗೂ ಹೋದ್ರಿ. ನಾನೂ ಒಬ್ಳು ಇದ್ನಲ್ಲಣ್ಣ. ವಾರ ವಾರ ಇಲ್ಲೇ ಬಂದು ಕೂರ್ತಿದ್ದೆ."

ನಾನು ಕೀಬೋರ್ಡು ಹತ್ತಿರ ಎಳೆದುಕೊಂಡೆ. ಅವಳು ಮೊದಲ ಪುಟ ತೆರೆದು ಕನ್ನಡಕ ಹಾಕಿಕೊಂಡಳು. "ನಾನು ಓದ್ತೀನಿ, ನೀವು ಹೊಡೀರಿ," ಎಂದು ಮೊದಲನೆಯ ಹಳ್ಳಿಯ ಹೆಸರು ಓದಿದಳು.